‘ಎಷ್ಟು ಸರಿ ಬಂತು?’ ಅಂತ ಕೇಳೋ ಮುಂಚೆ...

ಏಪ್ರಿಲ್ ತಿಂಗಳ ಬೀದರಿನ ಬಿಸಿಲು ಹ್ಯಾಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸಿಇಟಿ ದಿನ ಬೆಳಗಿನ ಪೇಪರ್ ಬಿಡೋದು 11.50ಕ್ಕೆ. ಕಾಲೇಜಿನ ಗೇಟಿನ ಹೊರಗೆ ಮರದ ನೆರಳು ಹುಡುಕಿಕೊಂಡು, ಊಟದ ಡಬ್ಬಿ, ನೀರಿನ ಬಾಟಲಿ ಹಿಡಿದು ಅಮ್ಮಂದಿರು ಕೂತಿರ್ತಾರೆ. ಕೆಲವರು ಔರಾದಿನಿಂದ ನಸುಕಿನ ಬಸ್ ಹಿಡಿದು ಬಂದವರು, ಕೆಲವರು ಭಾಲ್ಕಿಯಿಂದ. ಗಂಟೆ ಹೊಡೀತು, ಮಕ್ಕಳು ಹೊರಗೆ ಬಂದ್ರು. ಆದ್ರೆ ಡಬ್ಬಿ ಕಡೆ ಯಾರ ಲಕ್ಷ್ಯವೂ ಇಲ್ಲ! ನಾಲ್ಕೈದು ಮಂದಿ ಗುಂಪು ಕಟ್ಟಿಕೊಂಡು ಶುರು ಹಚ್ಚಿಕೊಂಡಾಯ್ತು...

‘ಆ ಲೆನ್ಸಿನ ಲೆಕ್ಕಕ್ಕ ನೀ ಏನ್ ಹಾಕ್ದಿ?’

‘ಬಿ.’

‘ಏ ಹುಚ್ಚಾ, ಅದು ಸಿ ಅದ!’

ಒಂದು ಗುಂಪಿನಲ್ಲಿ ಕನ್ನಡ, ಪಕ್ಕದ ಗುಂಪಿನಲ್ಲಿ ಮರಾಠಿ, ಇನ್ನೊಂದರಲ್ಲಿ ಉರ್ದು. ಭಾಷೆ ಮೂರಾದ್ರೂ ಮಾತು ಒಂದೇ. ನಿಂದು ಎಷ್ಟು ಸರಿ, ನಂದು ಎಷ್ಟು ತಪ್ಪು? ‘ಬಿ’ ಅಂದ ಹುಡುಗನ ಮುಖ ಬಾಡಿ ಹೋಯ್ತು. ಅಷ್ಟರಲ್ಲಿ ಅಮ್ಮ ಹತ್ತಿರ ಬಂದು ಕೇಳೋ ಮೊದಲ ಪ್ರಶ್ನೆ ಏನು ಹೇಳಿ? ‘ಎಷ್ಟು ಸರಿ ಬಂದಾವಪ್ಪಾ?’

ಸಹೋದರಿಯರೇ, ಈ ವಾರ ಮಾತಾಡಬೇಕಾಗಿರೋದು ಈ ಒಂದು ಪ್ರಶ್ನೆಯ ಬಗ್ಗೆಯೇ. ಪ್ರೀತಿಯಿಂದ ಕೇಳ್ತೀರಿ, ಕಾಳಜಿಯಿಂದ ಕೇಳ್ತೀರಿ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಯಾವಾಗ ಕೇಳಬೇಕು, ಯಾತರ ಜೊತೆ ತಾಳೆ ನೋಡಬೇಕು ಅನ್ನೋದು ಗೊತ್ತಿಲ್ಲದೆ ಹೋದರೆ ಎರಡು ವರ್ಷದ ಓದು ಒಂದು ಮಧ್ಯಾಹ್ನದಲ್ಲಿ ಕೈಜಾರಬಹುದು.

ಮಧ್ಯಾಹ್ನದ ಪೇಪರ್ ಬಾಕಿ ಇದೆ!

ಸಿಇಟಿಯ ಲೆಕ್ಕಾಚಾರ ಒಮ್ಮೆ ನೋಡೋಣ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಬೆಳಿಗ್ಗೆ 10.30ರಿಂದ 11.50, ಮಧ್ಯಾಹ್ನ 2.30ರಿಂದ 3.50. ಹೀಗೆ ಎರಡು ದಿನಕ್ಕೆ ನಾಲ್ಕು ಪೇಪರು. ಅಂದರೆ ಬೆಳಗಿನ ಪೇಪರಿಗೂ ಮಧ್ಯಾಹ್ನದ್ದಕ್ಕೂ ನಡುವೆ ಸಿಗೋದು ಎರಡು ಗಂಟೆ ನಲವತ್ತು ನಿಮಿಷ. ಉಣ್ಣೋಕೆ, ಸ್ವಲ್ಪ ಕಣ್ಣು ಮುಚ್ಚೋಕೆ, ಮುಂದಿನ ವಿಷಯದ ಸೂತ್ರಗಳ ಮೇಲೆ ಒಮ್ಮೆ ಕಣ್ಣಾಡಿಸೋಕೆ ಇರೋ ಹೊತ್ತು ಅದು. ಆ ಹೊತ್ತೆಲ್ಲ ಮುಗಿದು ಹೋದ ಪೇಪರಿನ ಶವಪರೀಕ್ಷೆಗೇ ಹೋದ್ರೆ?

ಮನಸ್ಸಿನ ಸ್ವಭಾವ ನೋಡಿ, ಸರಿ ಮಾಡಿದ ನಲವತ್ತು ಪ್ರಶ್ನೆ ನೆನಪಿಗೆ ಬರಲ್ಲ, ತಪ್ಪಾದ ನಾಲ್ಕೇ ಮತ್ತೆ ಮತ್ತೆ ಚುಚ್ಚುತ್ತೆ. ರೊಟ್ಟಿ ಮಾಡುವಾಗ ಹತ್ತು ಚೆನ್ನಾಗಿ ಉಬ್ಬಿದ್ರೂ ಹರಿದ ಒಂದೇ ರೊಟ್ಟಿ ನಮಗೆ ನೆನಪಿರಲ್ವಾ? ಹಾಗೇ ಇದು. ಚಿಂತೆ ತುಂಬಿಕೊಂಡ ತಲೇಲಿ ಲೆಕ್ಕ ಹಿಡಿದಿಟ್ಟುಕೊಳ್ಳೋಕೆ ಜಾಗ ಕಡಿಮೆ ಆಗುತ್ತೆ. ಬೆಳಗಿನ ‘ಲೆನ್ಸಿನ ಲೆಕ್ಕ’ ತಲೇಲಿ ಸುತ್ತುತ್ತಾ ಇದ್ದರೆ, ಮಧ್ಯಾಹ್ನ ಗೊತ್ತಿರೋ ಪ್ರಶ್ನೆಯಲ್ಲೂ ಕೈ ತಪ್ಪುತ್ತೆ. ಹೋಗಿದ್ದು ಬೆಳಗಿನ ಒಂದು ಅಂಕ. ಅದರ ಚಿಂತೇಲಿ ಮಧ್ಯಾಹ್ನ ಹೋಗೋದು ಐದೋ ಆರೋ ಅಂಕ. ಇದು ಯಾವ ಲೆಕ್ಕಕ್ಕೆ ಲಾಭ ಹೇಳಿ?

ಅದಕ್ಕೇ ಮೊದಲ ಮಾತು: ನಾಲ್ಕೂ ಪೇಪರ್ ಮುಗಿಯೋವರೆಗೆ ತಾಳೆ ನೋಡೋದು ಬೇಡ. ಮಕ್ಕಳು ಮಾಡ್ತಾರೆ, ಅದು ಆ ವಯಸ್ಸಿನ ಸ್ವಭಾವ. ನಾವಾದರೂ ಅದಕ್ಕೆ ಎಣ್ಣೆ ಹಾಕಬಾರದು.

ಗೆಳೆಯನ ಉತ್ತರ ಕೀ ಉತ್ತರ ಅಲ್ಲ

ಇನ್ನೊಂದು ವಿಷಯ ಎಷ್ಟೋ ಅಮ್ಮಂದಿರಿಗೆ ಗೊತ್ತಿರಲ್ಲ. ಸಿಇಟಿಯಲ್ಲಿ ಪಕ್ಕ ಪಕ್ಕ ಕೂತ ಮಕ್ಕಳಿಗೆ ಒಂದೇ ಕ್ರಮದ ಪ್ರಶ್ನೆಪತ್ರಿಕೆ ಇರೋದಿಲ್ಲ. ವರ್ಷನ್ ಕೋಡ್ ಬೇರೆ ಬೇರೆ. ಒಬ್ಬನಿಗೆ 12ನೇ ಪ್ರಶ್ನೆಯಾಗಿ ಬಂದದ್ದು ಇನ್ನೊಬ್ಬನಿಗೆ 47ನೆಯದಾಗಿ ಬಂದಿರಬಹುದು. ‘ಹನ್ನೆರಡಕ್ಕೆ ಬಿ’ ಅನ್ನೋ ಮಾತಿಗೆ ಅರ್ಥವೇ ಇಲ್ಲ. ಸಂಜೆ ಹೊತ್ತಿಗೆ ಮೊಬೈಲಿಗೆ ಬಂದು ಬೀಳೋ ‘ಕೀ’ಗಳ ಕಥೆಯೂ ಅಷ್ಟೇ. ಒಂದು ಕೋಚಿಂಗ್ ಸೆಂಟರಿನವರು ಒಂದು ಉತ್ತರ ಕೊಟ್ರೆ, ಇನ್ನೊಬ್ಬರು ಇನ್ನೊಂದು. ಅವೆಲ್ಲ ಅವಸರದಲ್ಲಿ ತಯಾರಾದದ್ದು.

ಹೋಗಲಿ, ಪರೀಕ್ಷೆ ನಡೆಸುವವರೇ ಕೊಟ್ಟ ಉತ್ತರ ಕೂಡ ಕೊನೇವರೆಗೆ ಹಾಗೇ ಇರುತ್ತೆ ಅಂತೀರಾ? 2024ರ ಎರಡು ಉದಾಹರಣೆ ಕೇಳಿ.

ಆ ವರ್ಷ ಏಪ್ರಿಲ್ 18 ಮತ್ತು 19ರಂದು ಸಿಇಟಿ ನಡೀತು. ಪೇಪರ್ ನೋಡಿದ ಮಕ್ಕಳು ಕಂಗಾಲು! ಪಠ್ಯದಿಂದ ಕೈಬಿಟ್ಟಿದ್ದ ಪಾಠಗಳಿಂದ ಪ್ರಶ್ನೆ ಬಂದಿದ್ದವು. ಎಷ್ಟು ಮನೆಗಳಲ್ಲಿ ಆ ರಾತ್ರಿ ಒಲೆ ಹಚ್ಚೋ ಮನಸ್ಸಿರಲಿಲ್ಲವೋ! ಆಮೇಲೆ ಏನಾಯ್ತು? ದೂರುಗಳ ನಂತರ ತಜ್ಞರ ಸಮಿತಿ ಪರಿಶೀಲಿಸಿತು. 240 ಪ್ರಶ್ನೆಗಳಲ್ಲಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಡಲಾಯ್ತು. ಅಂದರೆ ಮಕ್ಕಳು ‘ನಂದು ತಪ್ಪಾಯ್ತು, ಅವಳದ್ದು ಸರಿ ಆಯ್ತು’ ಅಂತ ಅತ್ತಿದ್ದ ಎಷ್ಟೋ ಪ್ರಶ್ನೆಗಳು ಲೆಕ್ಕಕ್ಕೇ ಬರಲಿಲ್ಲ.

ಅದೇ ವರ್ಷ ಮೇ 5ರಂದು ನಡೆದ ನೀಟ್ ಕಥೆ ಇನ್ನೂ ದೊಡ್ಡದು. ಭೌತಶಾಸ್ತ್ರದಲ್ಲಿ ಪರಮಾಣುವಿನ ಬಗ್ಗೆ ಒಂದು ಪ್ರಶ್ನೆ. ಎನ್‌ಸಿಇಆರ್‌ಟಿಯ ಹಳೇ ಪುಸ್ತಕದ ಪ್ರಕಾರ ಒಂದು ಉತ್ತರ, ಹೊಸ ಪುಸ್ತಕದ ಪ್ರಕಾರ ಇನ್ನೊಂದು. ಪರೀಕ್ಷೆ ನಡೆಸಿದವರು ಎರಡಕ್ಕೂ ಅಂಕ ಕೊಟ್ಟಿದ್ದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು. ಕೋರ್ಟು ದೆಹಲಿ ಐಐಟಿಯ ತಜ್ಞರನ್ನು ಕೇಳಿತು. ಅವರು ಒಂದೇ ಉತ್ತರ ಸರಿ ಅಂದರು. ಜುಲೈನಲ್ಲಿ ಪರಿಷ್ಕೃತ ಫಲಿತಾಂಶ ಬಂದಾಗ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳ 5 ಅಂಕ ಕಡಿಮೆಯಾಯ್ತು. ಸರಿ ಅಂದುಕೊಂಡಿದ್ದಕ್ಕೆ ಸಿಕ್ಕಿದ್ದ 4 ಹೋಗಿ, ತಪ್ಪು ಉತ್ತರಕ್ಕೆ ಕಳೆಯೋ 1 ಕೂಡ ಸೇರಿ 5. ಮೊದಲ ಫಲಿತಾಂಶದಲ್ಲಿ 720ಕ್ಕೆ 720 ಪಡೆದವರು 67 ಮಂದಿ ಇದ್ದರು, ಕೊನೆಗೆ ಉಳಿದವರು 17.

ದೊಡ್ಡ ದೊಡ್ಡ ತಜ್ಞರು, ಕೋರ್ಟು ಕೂತು ತಿಂಗಳುಗಟ್ಟಲೆ ನೋಡಿದ ಮೇಲೆ ತೀರ್ಮಾನ ಆದ ಉತ್ತರವನ್ನು, ಗೇಟಿನ ಹೊರಗೆ ಐದು ನಿಮಿಷದಲ್ಲಿ ಪಕ್ಕದ ಹುಡುಗ ಹೇಗೆ ತೀರ್ಮಾನ ಮಾಡ್ತಾನೆ ಹೇಳಿ?

ಹಾಗಾದ್ರೆ ತಾಳೆ ನೋಡೋದೇ ತಪ್ಪಾ?

ಖಂಡಿತ ಅಲ್ಲ! ಮೇಲಿನ ಎರಡೂ ಉದಾಹರಣೆಗಳನ್ನು ಇನ್ನೊಮ್ಮೆ ನೋಡಿ. ಆ 50 ಪ್ರಶ್ನೆಗಳು ಪಠ್ಯದ ಹೊರಗಿನವು ಅಂತ ಗೊತ್ತಾಗಿದ್ದು ಹೇಗೆ? ಮಕ್ಕಳು, ಉಪನ್ಯಾಸಕರು ಕೂತು ಪ್ರಶ್ನೆಪತ್ರಿಕೆಯನ್ನು ಪಠ್ಯಕ್ರಮದ ಜೊತೆ ತಾಳೆ ನೋಡಿದ್ದರಿಂದ. ನೀಟ್ ಪ್ರಶ್ನೆಯ ಜಗಳ ಬಗೆಹರಿದದ್ದು ಹೇಗೆ? ಉತ್ತರವನ್ನು ಪುಸ್ತಕದ ಜೊತೆ, ತಜ್ಞರ ಮಾತಿನ ಜೊತೆ ತಾಳೆ ನೋಡಿದ್ದರಿಂದ. ತಾಳೆ ನೋಡಬೇಕು, ಆದ್ರೆ ಗೆಳೆಯನ ಉತ್ತರದ ಜೊತೆ ಅಲ್ಲ, ಪುಸ್ತಕದ ಜೊತೆ. ಗೆಳೆಯನ ಜೊತೆ ನೋಡಿದ್ರೆ ಸಿಗೋದು ಹೊಟ್ಟೆಕಿಚ್ಚು ಇಲ್ಲಾ ಅಳು. ಪುಸ್ತಕದ ಜೊತೆ ನೋಡಿದ್ರೆ ಸಿಗೋದು ಒಂದು ಅಂಕ, ಇಲ್ಲಾ ಒಂದು ಪಾಠ.

ಇದಕ್ಕೆ ದಾರಿಯೂ ಇದೆ. ಸಿಇಟಿ ಮುಗಿದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ತನ್ನ ವೆಬ್‌ಸೈಟಿನಲ್ಲಿ ತಾತ್ಕಾಲಿಕ ಕೀ ಉತ್ತರ ಪ್ರಕಟಿಸುತ್ತೆ. ಯಾವುದಾದರೂ ಉತ್ತರ ತಪ್ಪು ಅನ್ನಿಸಿದರೆ ವಿಷಯ, ವರ್ಷನ್ ಕೋಡ್, ಪ್ರಶ್ನೆ ಸಂಖ್ಯೆ ಹಾಕಿ, ಆಧಾರದ ಸಮೇತ ಆಕ್ಷೇಪಣೆ ಸಲ್ಲಿಸೋಕೆ ಕೆಲವು ದಿನ ಕೊಡ್ತಾರೆ. ಆ ದಿನ ತಪ್ಪಿದರೆ ಅವಕಾಶ ತಪ್ಪಿದಂತೆ. ಓಎಂಆರ್ ಹಾಳೆಯ ಅಭ್ಯರ್ಥಿ ಪ್ರತಿ ಮಕ್ಕಳ ಕೈಗೇ ಬರುತ್ತೆ. ಅದನ್ನು ಜೋಪಾನವಾಗಿ ತೆಗೆದಿಡೋದು ಅಮ್ಮನ ಕೆಲಸ. ಪ್ಯಾಂಟಿನ ಜೇಬಿನಲ್ಲೇ ಉಳಿದು ಬಟ್ಟೆ ಜೊತೆ ತೊಳೆದು ಹೋದೀತು, ಹುಷಾರು! ನೀಟ್‌ನಲ್ಲೂ ಹೀಗೇ ಕೀ ಉತ್ತರಕ್ಕೆ ಆಕ್ಷೇಪಣೆ ಹಾಕಬಹುದು. ಅಲ್ಲಿ ಪ್ರತಿ ಪ್ರಶ್ನೆಗೆ ಶುಲ್ಕ ಇರುತ್ತೆ, 2025ರಲ್ಲಿ 200 ರೂಪಾಯಿ ಇತ್ತು. ಆದ್ದರಿಂದ ಕಾಲೇಜಿನ ಉಪನ್ಯಾಸಕರನ್ನು ಕೇಳಿ, ಖಾತ್ರಿ ಮಾಡಿಕೊಂಡು ಹಾಕೋದು ಜಾಣತನ.

ಪಕ್ಕದ ಮನೆಯ ಅಂಕ, ನಮ್ಮ ಮನೆಯ ರ‍್ಯಾಂಕು

‘ಪಕ್ಕದ ಮನೆ ಹುಡುಗನಿಗೆ 108 ಬರುತ್ತಂತೆ, ನಮ್ಮವನಿಗೆ ಬರೇ 90’ ಅಂತ ಎದೆ ಒಡೆದುಕೊಳ್ಳೋ ಮುಂಚೆ ಇದನ್ನು ಓದಿ.

ಕರ್ನಾಟಕದಲ್ಲಿ 1994ರಲ್ಲಿ ಸಿಇಟಿ ಶುರುವಾಯ್ತು. ನಮ್ಮ ಓದುಗರಲ್ಲೇ ಎಷ್ಟೋ ಮಂದಿ ತೊಂಬತ್ತರ ದಶಕದ ಕೊನೆಗೆ ಅದನ್ನು ಬರೆದವರು ಇದ್ದೀರಿ. ಆಗ ಡಾಕ್ಟರಿಗೂ ಎಂಜಿನಿಯರಿಂಗಿಗೂ ಅದೇ ಪರೀಕ್ಷೆ. ಈಗ ಹಾಗಿಲ್ಲ. 2017ರಿಂದ ನಮ್ಮ ರಾಜ್ಯದ ಎಂಬಿಬಿಎಸ್ ಸೀಟುಗಳೆಲ್ಲ ನೀಟ್ ಅಂಕದ ಮೇಲೆ. ಎಂಜಿನಿಯರಿಂಗ್, ಫಾರ್ಮಸಿ, ಕೃಷಿ ಪದವಿಗಳಿಗೆ ಸಿಇಟಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ.

ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮ ಮಗನಿಗೆ ಪಿಯುಸಿಯ ಈ ಮೂರು ವಿಷಯದಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 90 ಬಂತು ಅಂತಿಟ್ಟುಕೊಳ್ಳಿ. ಮೊದಲನೆಯದು ಶೇ 90, ಎರಡನೆಯದು ಶೇ 50. ಅರ್ಧರ್ಧ ಸೇರಿಸಿದರೆ 45 ಮತ್ತು 25, ಒಟ್ಟು 70. ಪಕ್ಕದ ಮನೆ ಹುಡುಗನಿಗೆ ಪಿಯುಸಿಯಲ್ಲಿ 210, ಸಿಇಟಿಯಲ್ಲಿ 108. ಅವನದ್ದು 35 ಮತ್ತು 30, ಒಟ್ಟು 65. ಸಿಇಟಿಯಲ್ಲಿ 18 ಅಂಕ ಹಿಂದಿದ್ದ ನಿಮ್ಮ ಮಗನೇ ಮುಂದೆ ಹೋದ! ಗೇಟಿನ ಹೊರಗೆ ತಾಳೆ ನೋಡುವಾಗ ಈ ಲೆಕ್ಕ ಯಾರ ತಲೇಲೂ ಇರಲ್ಲ. ಇನ್ನು 2024ರಿಂದ ಪಿಯುಸಿಗೂ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿವೆ. ಒಂದು ಬಾಗಿಲು ಮುಚ್ಚಿತು ಅಂತ ಕೂರಬೇಕಾಗಿಲ್ಲ.

ನಮ್ಮ ಬೀದರ್ ಜಿಲ್ಲೆಯ ಮಕ್ಕಳಿಗೆ ಇನ್ನೂ ಒಂದು ಮಾತು. ಸಂವಿಧಾನದ 371(ಜೆ) ವಿಧಿಯಿಂದಾಗಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಈ ಭಾಗದವರಿಗೆ ಮೀಸಲು. ರಾಜ್ಯದ ಉಳಿದ ಕಡೆ ಶೇ 8. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ 5. ಔರಾದ್, ಭಾಲ್ಕಿ ತಾಲೂಕಿನ ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಬಂದ ಮಗುವಿಗೂ, ಬೆಂಗಳೂರಿನ ಮಗುವಿಗೂ ಅಂಕ ಒಂದೇ ಇದ್ದರೂ ಸೀಟಿನ ದಾರಿ ಬೇರೆ. ಹಾಗಾಗಿ ತಾಳೆ ನೋಡೋ ಹೊತ್ತಿನಲ್ಲಿ ಪ್ರಮಾಣಪತ್ರಗಳು ಸರಿ ಇವೆಯಾ ಅಂತ ನೋಡಿ. 371(ಜೆ) ಅರ್ಹತಾ ಪತ್ರ, ಜಾತಿ-ಆದಾಯ ಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪತ್ರ... ಹೆಸರಿನ ಒಂದಕ್ಷರ ತಪ್ಪಿದ್ದರೂ ಕಚೇರಿಗೆ ಅಲೆದಾಟ. ಒಂದು ಪ್ರಶ್ನೆ ತಪ್ಪಾದರೆ ಹೋಗೋದು ಒಂದಂಕ, ಒಂದು ಕಾಗದ ಇಲ್ಲದಿದ್ದರೆ ಹೋಗೋದು ಸೀಟೇ!

ಹಾಗಂತ ಓದೋಕೆ ದೂರವೇ ಹೋಗಬೇಕು ಅಂತಲೂ ಇಲ್ಲ. ಬೀದರಿನಲ್ಲೇ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿದೆ, ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ತಾಂತ್ರಿಕ ಕಾಲೇಜಿದೆ. ಬೀದರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ‘ಬ್ರಿಮ್ಸ್’ ಇದೆ, ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಇಲ್ಲೇ ಇದೆ. ಶಾಹೀನ್ ಕಾಲೇಜಿನಲ್ಲಿ ನೀಟ್ ತಯಾರಿ ಮಾಡೋಕೆ ಬೇರೆ ಬೇರೆ ರಾಜ್ಯದ ಮಕ್ಕಳು ನಮ್ಮೂರಿಗೆ ಬಂದು ಹಾಸ್ಟೆಲಿನಲ್ಲಿ ಇರ್ತಾರೆ. ಅವರಲ್ಲಿ ಎರಡನೇ ಸಲ ಬರೆಯೋರೂ ಇದ್ದಾರೆ. ಒಂದು ಸಲ ತಪ್ಪಿದ್ದಕ್ಕೆ ಅವರ ಜೀವನವೇನೂ ನಿಂತಿಲ್ಲ ಅಲ್ವಾ?

ಹುಡುಗಿಯ ಮಾತು ಬಂದಾಗ

ಈ ತಾಳೆ ನೋಡೋ ಆಟದಲ್ಲಿ ಹೆಚ್ಚು ಪೆಟ್ಟು ತಿನ್ನೋದು ಹೆಣ್ಣುಮಕ್ಕಳು. ಮಗ ‘ಹತ್ತು ತಪ್ಪಾಗಿದೆ’ ಅಂದ್ರೆ ‘ಇನ್ನೊಂದು ವರ್ಷ ಕೋಚಿಂಗಿಗೆ ಹಾಕೋಣ’ ಅಂತೀವಿ. ಮಗಳು ಅದೇ ಮಾತು ಹೇಳಿದ್ರೆ? ಸಂಜೆ ಚಹಾ ಕುಡಿಯೋ ಹೊತ್ತಿಗೆ ಮನೆಗೆ ಬಂದ ಹಿರಿಯರೊಬ್ಬರು, ‘ಸಾಕು ಬಿಡವಾ ಓದಿದ್ದು, ಡಿಗ್ರಿಗೆ ಹಾಕಿ, ಒಳ್ಳೆ ವರ ನೋಡ್ರಿ’ ಅಂತಾರೆ. ಫಲಿತಾಂಶ ಬರೋಕೆ ಇನ್ನೂ ವಾರಗಟ್ಟಲೆ ಇದೆ, ಕೀ ಉತ್ತರ ಕೂಡ ಬಂದಿಲ್ಲ. ಆದರೆ ಗೆಳತಿಯರ ಜೊತೆ ನೋಡಿದ ತಾಳೆಯ ಮೇಲೆ ಆ ಹುಡುಗಿಯ ಮುಂದಿನ ಬದುಕೇ ತೀರ್ಮಾನ ಆಗಿಬಿಡುತ್ತೆ!

ಇದು ಅನ್ಯಾಯ ಅಲ್ವಾ ಸಹೋದರಿಯರೇ? ನಮ್ಮ ಕಾಲದಲ್ಲಿ ನಮಗೇ ಆಗಿದ್ದನ್ನು ನಮ್ಮ ಮಗಳಿಗೂ ಆಗೋಕೆ ಬಿಡಬೇಕಾ? ಅಂಥ ಹೊತ್ತಿನಲ್ಲಿ ಅಮ್ಮ ಒಂದೇ ಮಾತು ಗಟ್ಟಿಯಾಗಿ ಹೇಳಬೇಕು: ‘ರಿಸಲ್ಟ್ ಬರಲಿ, ಆಮೇಲೆ ಮಾತಾಡೋಣು.’ ಜಗಳ ಬೇಡ, ಇಷ್ಟೇ ಸಾಕು. ಆ ಕೆಲವು ವಾರ ಹುಡುಗಿಯ ಬಾಗಿಲು ತೆರೆದಿಟ್ಟರೆ, ಅಂಕ ಬಂದ ಮೇಲೆ ಅವಳೇ ತನ್ನ ದಾರಿ ಹುಡುಕಿಕೊಳ್ತಾಳೆ. ಎಂಬಿಬಿಎಸ್ ಸಿಗದಿದ್ದರೆ ಫಾರ್ಮಸಿ ಇದೆ, ನರ್ಸಿಂಗ್ ಇದೆ, ಕೃಷಿ ಇದೆ, ಬಿಎಸ್ಸಿ ಇದೆ.

ಮಗು ಸುಮ್ಮನಾಗಿದ್ದರೆ...

ತಾಳೆ ನೋಡಿದ ಮೇಲೆ ಕೆಲವು ಮಕ್ಕಳು ಅಳ್ತಾರೆ, ಕೂಗಾಡ್ತಾರೆ. ಅಂಥವರ ಬಗ್ಗೆ ಅಷ್ಟು ಭಯ ಬೇಡ, ಅತ್ತು ಹಗುರಾಗ್ತಾರೆ. ಗಮನ ಬೇಕಾಗಿರೋದು ಸುಮ್ಮನಾಗಿ ಬಿಡೋ ಮಕ್ಕಳ ಮೇಲೆ. ಊಟ ಬೇಡ ಅಂತಾರೆ, ನಿದ್ದೆ ಮಾಡಲ್ಲ, ಗೆಳೆಯರ ಫೋನ್ ತಗೊಳ್ಳಲ್ಲ, ‘ನನ್ನಿಂದ ನಿಮಗೆಲ್ಲ ಭಾರ’ ಅನ್ನೋ ಥರ ಮಾತಾಡ್ತಾರೆ. ಇದನ್ನು ‘ನಾಟಕ’ ಅಂತ ತಳ್ಳಿಹಾಕಬೇಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾದ ವಿದ್ಯಾರ್ಥಿಗಳು 13,044. ಎಲ್ಲವೂ ಪರೀಕ್ಷೆಯಿಂದಲ್ಲ, ಕಾರಣ ನೂರೆಂಟು. ಆದರೆ ಅವರಲ್ಲಿ ಒಬ್ಬೊಬ್ಬರೂ ಒಂದೊಂದು ಮನೆಯ ಮಗು.

ಮಗುವಿನ ಪಕ್ಕದಲ್ಲಿ ಕೂತು, ‘ಏನನ್ನಿಸ್ತಾ ಇದೆ ನಿನಗೆ?’ ಅಂತ ಕೇಳಿ. ಉತ್ತರ ಬರೋವರೆಗೆ ಕಾಯಿರಿ, ನಡುವೆ ಬುದ್ಧಿ ಹೇಳೋಕೆ ಹೋಗಬೇಡಿ. ‘ಸಾಯಬೇಕು ಅನ್ನಿಸ್ತಾ?’ ಅಂತ ನೇರವಾಗಿ ಕೇಳೋಕೂ ಅಂಜಬೇಡಿ. ಕೇಳಿದ್ರೆ ಆ ಯೋಚನೆ ಹುಟ್ಟುತ್ತೆ ಅನ್ನೋದು ತಪ್ಪು ತಿಳಿವಳಿಕೆ. ಹೌದು ಅಂದ್ರೆ ಒಂಟಿಯಾಗಿ ಬಿಡಬೇಡಿ. 14416 ಅನ್ನೋ ಟೆಲಿ ಮಾನಸ್ ಸಹಾಯವಾಣಿಗೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸೇವೆ ಇದು. ಹತ್ತಿರದ ಆಸ್ಪತ್ರೆಯ ಮನೋವೈದ್ಯರನ್ನು ಕಾಣೋಕೂ ಸಂಕೋಚ ಬೇಡ. ಮಗುವಿಗೆ ಜ್ವರ ಬಂದ್ರೆ ತೋರಿಸಲ್ವಾ? ಇದೂ ಹಾಗೇ.

ಅಮ್ಮಂದಿರ ಗಮನಕ್ಕೆ

* ಪೇಪರ್ ಬಿಟ್ಟ ಕೂಡಲೇ ‘ಎಷ್ಟು ಸರಿ?’ ಬೇಡ. ‘ಹಸಿವಾಯ್ತಾ? ಮೊದಲು ಉಣ್ಣು’ ಅನ್ನಿ. ಮೊಸರನ್ನ, ಚಪಾತಿ, ಮಜ್ಜಿಗೆಯಂಥ ಹಗುರ ಊಟ ಇರಲಿ. ಬಿಸಿಲಿಗೆ ಕರಿದದ್ದು ಬೇಡ.

* ಗುಂಪಿನಿಂದ ಬೈದು ಎಳೆದುಕೊಂಡು ಬರಬೇಡಿ. ‘ಐದು ನಿಮಿಷ ಮಾತಾಡಿ ಬಾ’ ಅಂತ ಸಮಯ ಕೊಡಿ. ಗೆಳೆತನವೂ ಮಕ್ಕಳಿಗೆ ಬೇಕು.

* ‘ಅದು ತಪ್ಪಾಯ್ತಮ್ಮ’ ಅಂತ ಮಗುವೇ ಹೇಳಿದ್ರೆ, ‘ಹೋಗ್ಲಿ, ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯಲ್ಲ, ಮುಂದಿನ ಪೇಪರ್ ನೋಡು’ ಅನ್ನಿ. ಇದು ಬರೀ ಸಮಾಧಾನದ ಮಾತಲ್ಲ, ನಿಯಮವೇ ಹಾಗಿದೆ. ನೀಟ್‌ನಲ್ಲಿ ಮಾತ್ರ ತಪ್ಪಿಗೆ 1 ಅಂಕ ಕಳೀತಾರೆ, ಎರಡನ್ನೂ ಕಲಸಬೇಡಿ.

* ಪರೀಕ್ಷೆ ದಿನಗಳಲ್ಲಿ ನಾದಿನಿ, ಓರಗಿತ್ತಿ, ಪಕ್ಕದ ಮನೆಯವರಿಂದ ‘ಹ್ಯಾಂಗಾಯ್ತು?’ ಫೋನ್ ಬಂದರೆ ನೀವೇ ಉತ್ತರ ಕೊಡಿ. ಮಗುವಿನ ಕೈಗೆ ಕೊಡಬೇಡಿ.

* ಎಲ್ಲ ಪೇಪರ್ ಮುಗಿದು, ಅಧಿಕೃತ ಕೀ ಬಂದ ದಿನ, ಒಂದೇ ಸಲ, ಓಎಂಆರ್ ಪ್ರತಿ ಮುಂದಿಟ್ಟುಕೊಂಡು ತಾಳೆ ನೋಡಲಿ. ಪಕ್ಕದಲ್ಲಿ ಪುಸ್ತಕ ಇರಲಿ. ನೀವೂ ಕೂತ್ಕೊಳ್ಳಿ, ಆದರೆ ಎಣಿಸೋದು ಅವರಿಗೇ ಬಿಡಿ.

* ಪಕ್ಕದ ಮನೆ ಮಗುವಿಗೆ ಒಳ್ಳೆ ರ‍್ಯಾಂಕ್ ಬಂದ್ರೆ ಹೋಗಿ ಸಿಹಿ ತಿಂದು, ಖುಷಿಯಾಗಿ ಮಾತಾಡಿ ಬನ್ನಿ. ಮನೆಗೆ ಬಂದು ಅದೇ ಹೆಸರು ಹೇಳಿ ನಿಮ್ಮ ಮಗುವಿಗೆ ಚುಚ್ಚಬೇಡಿ.

ಸಿಇಟಿ, ನೀಟ್ ವರ್ಷ ವರ್ಷ ಬರುತ್ತವೆ. ಕೀ ಉತ್ತರ ಬದಲಾಗುತ್ತೆ, ನಿಯಮ ಬದಲಾಗುತ್ತೆ. ಆದ್ರೆ ‘ಆ ದಿನ ಪೇಪರ್ ಕೆಟ್ಟಾಗ ನಮ್ಮವ್ವ ಏನಂದಳು?’ ಅನ್ನೋದು ಮಕ್ಕಳ ಮನಸ್ಸಿನಲ್ಲಿ ಹಾಗೇ ಉಳಿಯುತ್ತೆ. ಆ ಒಂದು ಉತ್ತರ ಮಾತ್ರ ಪೂರಾ ನಮ್ಮ ಕೈಯಲ್ಲೇ ಇದೆ. ಅದನ್ನು ಸರಿಯಾಗಿ ಬರೆಯೋಣ, ಏನಂತೀರಿ?